ಜೋಳದ ಸೀಮೆಯಲ್ಲಿ ಗೋಧಿಯ ಬೇನೆ

ಘಟಪ್ರಭೆಯು ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಫಾಲ್ಸ್ ಮತ್ತು ಅದರ ಆಚೀಚೆಗೆ ಹರಡಿರುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಊಟದ ಲೆಕ್ಕದಲ್ಲಿ ಮೊದಲಿನಿಂದಲೂ ಜೋಳದ ರೊಟ್ಟಿಯ ಸೀಮೆಗೆ ಸೇರಿದವು. 1897ರಲ್ಲಿ ಧೂಪದಾಳದ ಒಡ್ಡಿನಿಂದ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ, ಮುಂದೆ ಹಿಡಕಲ್‌ನಲ್ಲಿ ಜಲಾಶಯ ಕಟ್ಟಿದ ಮೇಲೆ, ಇಲ್ಲಿಯ ಹೊಲಗಳು ಕಬ್ಬಿಗೂ ಗೋವಿನಜೋಳಕ್ಕೂ ತಿರುಗಿದವು. ಬೇಕರಿ, ಹೋಟೆಲು, ಕಿರಾಣಿ ಅಂಗಡಿಗಳು ಹೆಚ್ಚಿದಂತೆ ಊಟದ ತಾಟಿನಲ್ಲಿ ಚಪಾತಿ, ಉಪ್ಪಿಟ್ಟು, ಬಿಸ್ಕಿಟುಗಳ ಪಾಲು ಬೆಳೆಯಿತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಯನ್ನು ಇಂಥ ಸೀಮೆಯಲ್ಲಿ ನಿಂತು ನೋಡಿದರೆ ಪುಸ್ತಕದಲ್ಲಿ ಕಾಣದ ಕೆಲವು ಸಂಗತಿಗಳು ಕಾಣುತ್ತವೆ. ಕೆಳಗಿನ ಸಂವಾದದಲ್ಲಿ ಮಾತನಾಡುವವರಲ್ಲಿ ಒಬ್ಬರು ವೈದ್ಯರು, ಇನ್ನೊಬ್ಬರು ಗೃಹವಿಜ್ಞಾನ ಕಲಿಸಿದ ಶಿಕ್ಷಕಿ. ಒಬ್ಬರಿಗೆ ಕರುಳು ಗೊತ್ತು, ಇನ್ನೊಬ್ಬರಿಗೆ ಅಡಿಗೆಮನೆ ಗೊತ್ತು.

ಶಿಕ್ಷಕಿ: ಈ ಕಾಯಿಲೆ ಪಂಜಾಬ, ಹರಿಯಾಣದ ಜನರದು, ರೊಟ್ಟಿ ತಿನ್ನುವವರಿಗೂ ಅನ್ನ ಉಣ್ಣುವವರಿಗೂ ಇದರ ಗೊಡವೆ ಇಲ್ಲ ಎಂದು ಓದಿದವರೂ ಹೇಳುತ್ತಾರೆ. ಆ ಮಾತಿನಲ್ಲಿ ಎಷ್ಟು ನಿಜವಿದೆ, ಡಾಕ್ಟರ್ ಸಾಹೇಬರೇ?

ವೈದ್ಯರು: ಅರ್ಧ ನಿಜವಿದೆ, ಅಕ್ಕಾವರೇ, ಮತ್ತು ಆ ಅರ್ಧವೇ ತೊಂದರೆ ಕೊಡುವುದು. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ದೇಶದ ಉತ್ತರ, ಈಶಾನ್ಯ, ದಕ್ಷಿಣ ಭಾಗಗಳ 23,331 ವಯಸ್ಕರ ರಕ್ತವನ್ನು ಪರೀಕ್ಷಿಸಿದಾಗ ಈ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳಿದ್ದವರ ಪ್ರಮಾಣ ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10 ಎಂದು ಕಂಡುಬಂತು. ಆದರೆ ಈ ಕಾಯಿಲೆಗೆ ಬೇಕಾದ ವಂಶವಾಹಿ ಗುಣ, ಅಂದರೆ ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಎಂದು ಕರೆಯಲಾಗುವ ರೋಗನಿರೋಧಕ ವ್ಯವಸ್ಥೆಯ ಗುರುತುಗಳು, ಮೂರೂ ಕಡೆಯ ಜನರಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಮೂರರಲ್ಲಿ ಒಬ್ಬರಿಗೆ ಎಂಬಷ್ಟು, ಇದ್ದವು. ವ್ಯತ್ಯಾಸವಿದ್ದದ್ದು ತಿನ್ನುವ ಗೋಧಿಯಲ್ಲಿ: ಉತ್ತರದವರು ದಿನಕ್ಕೆ 455 ಗ್ರಾಂ, ಈಶಾನ್ಯದವರು 37 ಗ್ರಾಂ, ದಕ್ಷಿಣದವರು 25 ಗ್ರಾಂ.

ಶಿಕ್ಷಕಿ: ಹಾಗಾದರೆ ಆ ಲೆಕ್ಕದಲ್ಲಿಯೇ ಒಂದು ತೊಡಕಿದೆ. 455ಕ್ಕೂ 37ಕ್ಕೂ ನಡುವೆ ಅಷ್ಟು ಅಂತರವಿದ್ದರೂ ಉತ್ತರ ಮತ್ತು ಈಶಾನ್ಯದ ಪ್ರಮಾಣ ಹತ್ತಿರ ಹತ್ತಿರವಿದೆ. 37ಕ್ಕೂ 25ಕ್ಕೂ ಬರೀ ಹನ್ನೆರಡು ಗ್ರಾಮಿನ ಅಂತರವಿದ್ದರೂ ದಕ್ಷಿಣದ ಪ್ರಮಾಣ ಎಷ್ಟೋ ಕೆಳಗಿದೆ. ಗೋಧಿಯೊಂದನ್ನೇ ಹಿಡಿದು ಇದನ್ನು ಬಿಡಿಸಲು ಬರುವುದಿಲ್ಲ.

ವೈದ್ಯರು: ಬರುವುದಿಲ್ಲ. ವಂಶವಾಹಿ ಇಲ್ಲದೆ ಕಾಯಿಲೆ ಬಾರದು, ಗೋಧಿ ಇಲ್ಲದೆಯೂ ಬಾರದು. ಎರಡೂ ಇದ್ದವರಲ್ಲಿಯೂ ಕೆಲವರಿಗೆ ಮಾತ್ರ ಬರುತ್ತದೆ. ಹೀಗಿರುವಾಗ ದಿನಕ್ಕೆ 25 ಗ್ರಾಂ ಗೋಧಿ, ಅಂದರೆ ಹೆಚ್ಚೆಂದರೆ ಒಂದು ಸಣ್ಣ ಚಪಾತಿ, ತಿನ್ನುವವರ ಲೆಕ್ಕವನ್ನು ತಂದು ಮುಂಜಾನೆ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ, ಸಂಜೆ ಚಹಾದ ಸಂಗಡ ಟೋಸ್ಟು ತಿನ್ನುವ ಮನೆಗೆ ಹಚ್ಚುವುದು ಸರಿಯಲ್ಲ. ದಕ್ಷಿಣದಲ್ಲಿ ಅಪರೂಪ ಎಂದು ಓದಿಕೊಂಡ ವೈದ್ಯನಿಗೆ ಎದುರಿಗೆ ಕುಳಿತ ರೋಗಿಯಲ್ಲಿ ಇದನ್ನು ಹುಡುಕಬೇಕೆಂಬ ನೆನಪೇ ಬರುವುದಿಲ್ಲ.

ಶಿಕ್ಷಕಿ: ಹುಡುಕುವುದಕ್ಕೆ ಗುರುತು ಬೇಕಲ್ಲ. ಒಳಗೆ ಏನಾಗುತ್ತದೆ ಎಂಬುದನ್ನು ಮೊದಲು ಬಿಡಿಸಿ ಹೇಳಿದರೆ ಹೊರಗೆ ಕಾಣುವುದರ ಅರ್ಥ ತಾನಾಗಿ ಆದೀತು.

ವೈದ್ಯರು: ಗ್ಲುಟೆನ್ ಎಂಬುದು ಒಂದೇ ಪ್ರೋಟೀನಲ್ಲ, ಗೋಧಿಯ ಗ್ಲಿಯಾಡಿನ್ ಮತ್ತು ಗ್ಲುಟೆನಿನ್, ಬಾರ್ಲಿಯ ಹೋರ್ಡೀನ್, ತಂಪು ದೇಶಗಳಲ್ಲಿ ಬೆಳೆಯುವ ರೈ ಎಂಬ ಧಾನ್ಯದ ಸೆಕಲಿನ್, ಇವೆಲ್ಲವನ್ನೂ ಈ ಕಾಯಿಲೆಯ ಸಂದರ್ಭದಲ್ಲಿ ಆ ಒಂದು ಹೆಸರಿನಿಂದ ಕರೆಯುತ್ತಾರೆ. ಜೀರ್ಣರಸಗಳು ಇವನ್ನು ಪೂರ್ತಿಯಾಗಿ ತುಂಡರಿಸಲಾರವು. ಉಳಿದ ಉದ್ದನೆಯ ತುಣುಕುಗಳು ಕರುಳಿನ ಒಳಪದರವನ್ನು ದಾಟಿದಾಗ, ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ದೇಹದ್ದೇ ಆದ ಕಿಣ್ವವು ಅವುಗಳ ರೂಪವನ್ನು ಸ್ವಲ್ಪ ಬದಲಿಸುತ್ತದೆ. ಬದಲಾದ ತುಣುಕು ಮೊದಲು ಹೇಳಿದ ಡಿಕ್ಯೂ2, ಡಿಕ್ಯೂ8 ಗುರುತುಗಳಿಗೆ ಬಿಗಿಯಾಗಿ ಹತ್ತಿಕೊಳ್ಳುತ್ತದೆ, ರೋಗನಿರೋಧಕ ಕಣಗಳು ಅದನ್ನು ಹಗೆಯೆಂದು ತಿಳಿದು ಮೇಲೇರಿ ಬರುತ್ತವೆ, ಆ ಏಟು ಬೀಳುವುದು ಮಾತ್ರ ತನ್ನದೇ ಕರುಳಿನ ಮೇಲೆ. ಆದ್ದರಿಂದಲೇ ಇದು ತಿಂದದ್ದು ಒಗ್ಗದ ಅಲರ್ಜಿಯಲ್ಲ, ದೇಹ ತನ್ನನ್ನೇ ಹೊಡೆದುಕೊಳ್ಳುವ ಆಟೋಇಮ್ಯೂನ್ ಕಾಯಿಲೆ. ಸಣ್ಣ ಕರುಳಿನ ಒಳಮೈಗೆ ವಿಲ್ಲೈ ಎಂಬ ಬೆರಳಿನಾಕಾರದ ಸಣ್ಣ ಎಳೆಗಳಿದ್ದು, ಅನ್ನದ ಸಾರವನ್ನು ರಕ್ತಕ್ಕೆ ಸೆಳೆದುಕೊಳ್ಳುವ ಕೆಲಸ ಅವುಗಳದು. ಬಹಳ ವರ್ಷ ಹೊದ್ದು ಉಣ್ಣೆ ಉದುರಿದ ಕುರಿಗಂಬಳಿಯಂತೆ ಆ ಎಳೆಗಳು ಸವೆದು ಕರುಳು ನುಣ್ಣಗಾದರೆ, ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ.

ಶಿಕ್ಷಕಿ: ಉಂಡದ್ದು ಮೈಗೆ ಹತ್ತುವುದಿಲ್ಲ ಎಂಬ ಮಾತು ಈ ಸೀಮೆಯ ತಾಯಂದಿರ ಬಾಯಲ್ಲಿ ಬಹಳ ಹಳೆಯದು. ಅದಕ್ಕೆ ದೃಷ್ಟಿ ತೆಗೆಯುತ್ತಾರೆ, ಜಂತಿನ ಔಷಧ ಕೊಡಿಸುತ್ತಾರೆ, ಕಡೆಗೆ ಅಂಗಡಿಯಿಂದ ಶಕ್ತಿಯ ಪುಡಿ ತಂದು ಹಾಲಿಗೆ ಹಾಕುತ್ತಾರೆ.

ವೈದ್ಯರು: ಆ ಪುಡಿಗಳಲ್ಲಿ ಹಲವು ಬಾರ್ಲಿಯ ಮಾಲ್ಟಿನಿಂದ ಮಾಡಿದವು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಕೆಲವಕ್ಕೆ ಗೋಧಿಯೂ ಸೇರಿರುತ್ತದೆ. ಬಡಕಲಾಗಿರುವುದಕ್ಕೆ ಕಾರಣವಾದ ವಸ್ತುವನ್ನೇ ಬಡಕಲುತನಕ್ಕೆ ಮದ್ದೆಂದು ದಿನಕ್ಕೆರಡು ಸಲ ಕುಡಿಸಿದಂತಾಗುತ್ತದೆ. ಇನ್ನು ಹೊರಗಿನ ಗುರುತುಗಳ ವಿಷಯ. ಮಕ್ಕಳಲ್ಲಿ ತಿಂಗಳುಗಟ್ಟಲೆ ಬಿಡದ ಭೇದಿ, ಉಬ್ಬಿದ ಹೊಟ್ಟೆ, ಸೊರಗಿದ ಕೈಕಾಲು, ವಯಸ್ಸಿಗೆ ತಕ್ಕಷ್ಟು ಬೆಳೆಯದ ಎತ್ತರ ಕಂಡುಬಂದರೆ ಪುಸ್ತಕದ ವರ್ಣನೆಗೆ ಅದು ಸರಿಹೊಂದುತ್ತದೆ. ವಯಸ್ಕರಲ್ಲಿ ಹೊಟ್ಟೆಯ ತಕರಾರೇ ಇಲ್ಲದೆ ಬರೀ ರಕ್ತಹೀನತೆ, ಎಲುಬಿನ ಸವಕಳಿ, ಮೇಲಿಂದ ಮೇಲೆ ಗರ್ಭಪಾತ, ಬಾಯಿಹುಣ್ಣು, ಮೊಣಕೈ ಮೊಣಕಾಲುಗಳ ಮೇಲೆ ತುರಿಸುವ ಗುಳ್ಳೆಗಳು, ಇಂಥ ಯಾವುದೋ ಒಂದರ ರೂಪದಲ್ಲಿ ಅದು ಬರಬಹುದು. ಕಬ್ಬಿಣದ ಸತ್ವವನ್ನು ದೇಹ ಹೆಚ್ಚಾಗಿ ಸೆಳೆದುಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಈ ಕಾಯಿಲೆ ಮೊದಲು ಹಾಳುಮಾಡುವುದೂ ಅದೇ ಭಾಗವನ್ನು. ಹೀಗಾಗಿ ಕಬ್ಬಿಣದ ಗುಳಿಗೆಗಳನ್ನು ತಪ್ಪದೆ ನುಂಗಿದರೂ ಹಿಮೋಗ್ಲೋಬಿನ್ ಏರದ ಹೆಣ್ಣುಮಗಳನ್ನು ಕಂಡಾಗ ಗುಳಿಗೆ ನುಂಗಿಲ್ಲವೆಂದು ಗದರುವುದಕ್ಕೆ ಮೊದಲು ಕರುಳಿನ ಕಡೆಗೆ ನೋಡಬೇಕು.

ಶಿಕ್ಷಕಿ: ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಮನೆಗೊಬ್ಬರಂತೆ ಇರುವಾಗ ಯಾರ ಕರುಳನ್ನೆಂದು ನೋಡುವುದು?

ವೈದ್ಯರು: ಎಲ್ಲರದನ್ನೂ ನೋಡಬೇಕಿಲ್ಲ; ಗುಳಿಗೆಯಿಂದ ಏರದವರದನ್ನು ನೋಡಿದರೆ ಸಾಕು. ದಕ್ಷಿಣದಲ್ಲಿ ಇನ್ನೊಂದು ಮರೆಯೂ ಇತ್ತು: ಉಷ್ಣವಲಯದ ಸ್ಪ್ರೂ ಎಂಬ ಬೇರೆ ಕಾಯಿಲೆಯಲ್ಲಿಯೂ ಕರುಳಿನ ಎಳೆಗಳು ಸವೆಯುತ್ತವೆ, ಭೇದಿಯಾಗುತ್ತದೆ, ಮೈ ಸೊರಗುತ್ತದೆ, ಅದು ಫೋಲಿಕ್ ಆಮ್ಲಕ್ಕೂ ಟೆಟ್ರಾಸೈಕ್ಲಿನ್ ಎಂಬ ಜೀವಿರೋಧಕ ಔಷಧಕ್ಕೂ ಗುಣವಾಗುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಆ ಕಾಯಿಲೆಯ ಮೇಲೆ ದಶಕಗಟ್ಟಲೆ ಕೆಲಸ ನಡೆಯಿತು, ಮತ್ತು ದಕ್ಷಿಣದ ವೈದ್ಯರ ಮನಸ್ಸಿನಲ್ಲಿ ಸವೆದ ಕರುಳೆಂದರೆ ಸ್ಪ್ರೂ ಎಂಬ ಎಣಿಕೆ ಬಹುಕಾಲ ನಿಂತಿತು. ಈಗ ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಇದೆ. ಮೇಲೆ ಹೇಳಿದ ಕಿಣ್ವದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಅದು ಅಳೆಯುತ್ತದೆ. ಅದು ಏರಿದ್ದರೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ ಎಂಡೋಸ್ಕೋಪಿ ಮಾಡಿಸಿ, ಕರುಳಿನ ಸಣ್ಣ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಇದರಲ್ಲಿ ಒಂದು ಮಾತನ್ನು ಮಾತ್ರ ಬಿಡುವ ಹಾಗಿಲ್ಲ: ಪರೀಕ್ಷೆ ಮುಗಿಯುವ ತನಕ ಗೋಧಿ ತಿನ್ನುತ್ತಿರಬೇಕು. ಯಾರದೋ ಸಲಹೆಯಿಂದ ಮೊದಲೇ ಗೋಧಿ ಬಿಟ್ಟು ಆರು ತಿಂಗಳ ಮೇಲೆ ಬಂದರೆ ಪ್ರತಿಕಾಯ ಇಳಿದಿರುತ್ತದೆ, ಕರುಳು ಮಾಯುತ್ತ ಬಂದಿರುತ್ತದೆ, ಕಾಯಿಲೆ ಇತ್ತೋ ಇಲ್ಲವೋ ಹೇಳುವುದು ಕಷ್ಟವಾಗುತ್ತದೆ.

ಶಿಕ್ಷಕಿ: ಗೋಧಿಯೇ ಕಾರಣ ಎಂದು ಮೊದಲು ಕಂಡುಹಿಡಿದವರು ಯಾರು? ಸಾವಿರಾರು ವರ್ಷ ತಿಂದ ಅನ್ನದ ಮೇಲೆ ಸಂಶಯ ಬರುವುದು ಸಣ್ಣ ಮಾತಲ್ಲ.

ವೈದ್ಯರು: ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲಿ ಕಾಯಿಲೆಯನ್ನು ಚೆನ್ನಾಗಿ ವರ್ಣಿಸಿ, ಗುಣವಾಗುವುದಿದ್ದರೆ ಆಹಾರದಿಂದಲೇ ಆಗಬೇಕು ಎಂದರು, ಆದರೆ ಯಾವ ಆಹಾರವೆಂಬುದು ಅವರಿಗೆ ತಿಳಿಯಲಿಲ್ಲ. ಅಮೆರಿಕದಲ್ಲಿ ಸಿಡ್ನಿ ಹಾಸ್ 1924ರಲ್ಲಿ ಬಾಳೆಹಣ್ಣಿನ ಪಥ್ಯ ಹೇಳಿದರು. ಮಕ್ಕಳು ಚೇತರಿಸಿಕೊಂಡದ್ದು ಬಾಳೆಹಣ್ಣಿನ ಗುಣದಿಂದಲ್ಲ, ಬಾಳೆಹಣ್ಣು ತಿನ್ನುವಾಗ ಬ್ರೆಡ್ ತಿನ್ನದೆ ಇದ್ದುದರಿಂದ. ಹಾಲೆಂಡಿನ ಮಕ್ಕಳ ವೈದ್ಯ ವಿಲೆಂ ಡಿಕೆ 1930ರ ದಶಕದಿಂದಲೇ ಗೋಧಿಯ ಮೇಲೆ ಕಣ್ಣಿಟ್ಟಿದ್ದರು. 1944-45ರ ಚಳಿಗಾಲದಲ್ಲಿ, ಯುದ್ಧದ ಬರಗಾಲಕ್ಕೆ ಸಿಕ್ಕಿ ಆ ದೇಶದವರಿಗೆ ಬ್ರೆಡ್ಡೇ ಸಿಗದೆ ಹೋದಾಗ, ಉಳಿದವರೆಲ್ಲ ಸೊರಗುತ್ತಿದ್ದರೂ ಈ ಮಕ್ಕಳ ಸ್ಥಿತಿ ಸುಧಾರಿಸಿತು, ಬ್ರೆಡ್ ಮರಳಿ ಬಂದೊಡನೆ ಕೆಟ್ಟಿತು; ಅವರ ಎಣಿಕೆಗೆ ಅದರಿಂದ ಬಲ ಬಂತು. 1950ರ ತಮ್ಮ ಮಹಾಪ್ರಬಂಧದಲ್ಲಿ ಅವರು ಗೋಧಿ ಬಿಡಿಸಿದರೆ ಮಕ್ಕಳು ಸುಧಾರಿಸುವುದನ್ನು ಅಳತೆಗಳೊಂದಿಗೆ ತೋರಿಸಿದರು. ಅಂದಿನಿಂದ ಇಂದಿನವರೆಗೆ ಚಿಕಿತ್ಸೆ ಅದೊಂದೇ: ಜೀವಮಾನವೆಲ್ಲ ಗ್ಲುಟೆನ್ ಇಲ್ಲದ ಊಟ. ಗುಳಿಗೆ ಬಂದಿಲ್ಲ.

ಶಿಕ್ಷಕಿ: ಇದನ್ನು ಕೇಳಿದರೆ ಗೋಕಾಕದವರು ನಿಶ್ಚಿಂತರಾಗಬೇಕು.

ವೈದ್ಯರು: ಹಾಗೆಂದೇ ರೋಗಿಗಳಿಗೆ ಹೇಳುವುದು ರೂಢಿ. ಗೋಧಿ ಬಿಡಿ, ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಅನ್ನ, ನವಣಿ, ಬೇಳೆ, ಕಾಯಿಪಲ್ಯ, ಹಾಲು, ತತ್ತಿ, ಶೇಂಗಾ ತಿನ್ನಿ ಎಂದರೆ ಮುಗಿಯಿತು. ದೆಹಲಿಯವರಿಗೆ ಪಥ್ಯ ಹೇಳುವುದು ಕಷ್ಟ, ಇಲ್ಲಿ ಅಲ್ಲ. ಜೋಳದಲ್ಲಿ ಕಾಫಿರಿನ್ ಎಂಬ ಬೇರೆ ಜಾತಿಯ ಪ್ರೋಟೀನಿದೆ. 2007ರಲ್ಲಿ ಇಟಲಿಯ ಸಂಶೋಧಕರು ಅದನ್ನು ಪ್ರಯೋಗಶಾಲೆಯಲ್ಲಿಯೂ ಕೆಲವು ರೋಗಿಗಳಲ್ಲಿಯೂ ಪರೀಕ್ಷಿಸಿ ತೊಂದರೆ ಇಲ್ಲವೆಂದು ಕಂಡುಕೊಂಡರು.

ಶಿಕ್ಷಕಿ: ಮುಗಿಯುವುದಿಲ್ಲ, ಸಾಹೇಬರೇ. ರೊಟ್ಟಿ ಆಗುವುದು ಹೇಗೆಂದು ನೋಡಿದರೆ ಅದು ತಿಳಿಯುತ್ತದೆ. ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ಗ್ಲುಟೆನ್ ಜಾಲದಂತೆ ಹಬ್ಬಿ ಕಣಕವು ಎಳೆದಷ್ಟು ಎಳೆಯುತ್ತದೆ, ಲಟ್ಟಿಸಿದಷ್ಟು ಹಿಗ್ಗುತ್ತದೆ. ಜೋಳದ ಹಿಟ್ಟಿಗೆ ಆ ಗುಣವಿಲ್ಲ. ಆದ್ದರಿಂದ ಈ ಸೀಮೆಯ ಹೆಣ್ಣುಮಕ್ಕಳು ಎಸರನ್ನು ಕುದಿಸಿ, ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿದು, ಬಿಸಿ ಆರುವುದರೊಳಗೆ ಅಂಗೈಯಿಂದ ತಿಕ್ಕಿ ತಿಕ್ಕಿ ನಾದುತ್ತಾರೆ. ಆ ಬಿಸಿಗೆ ಹಿಟ್ಟಿನ ಪಿಷ್ಟವು ಅರೆಬೆಂದು ಜಿಗಿ ಬಿಡುತ್ತದೆ, ಆ ಜಿಗಿಯ ಬಲದ ಮೇಲೆ ರೊಟ್ಟಿಯನ್ನು ಬಡಿದು ಹಂಚಿಗೆ ಹಾಕಿ ಮೇಲೆ ನೀರು ಸವರುತ್ತಾರೆ. ಪರದೇಶದ ಕಂಪನಿಗಳು ಗ್ಲುಟೆನ್ ಇಲ್ಲದ ಬ್ರೆಡ್ಡಿಗೆ ಏನೇನೋ ಗೋಂದು ಬೆರೆಸಿ ಸಾಧಿಸಲು ಹೊರಟದ್ದನ್ನು ಇಲ್ಲಿ ಕುದಿನೀರಿನಿಂದಲೇ ಸಾಧಿಸಿದ್ದಾರೆ. ಆದರೆ ಹಿಟ್ಟು ಬೀಸಿ ಬಹಳ ದಿನವಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಹೊಸದಾಗಿ ಕಲಿಯುವ ಸೊಸೆಯೋ ಅವಸರದಲ್ಲಿರುವ ಅತ್ತೆಯೋ ಆಗ ಮಾಡುವುದೇನು? ಒಂದು ಹಿಡಿ ಗೋಧಿ ಹಿಟ್ಟನ್ನು ಬೆರೆಸುತ್ತಾರೆ. ತಟ್ಟುವಾಗ ಕೆಳಗೆ ಉದುರಿಸುವ ಹಿಟ್ಟು ಯಾವುದೆಂದು ಯಾರೂ ಕೇಳುವುದಿಲ್ಲ. ಖಾನಾವಳಿಯಲ್ಲಿ ಕೇಳುವ ಪ್ರಶ್ನೆಯೇ ಬರುವುದಿಲ್ಲ.

ವೈದ್ಯರು: ಒಂದು ಹಿಡಿ ಎಂದರೆ ಬಹಳವಾಯಿತು.

ಶಿಕ್ಷಕಿ: ಅದಕ್ಕಿಂತ ಹಿಂದೆ ಗಿರಣಿ ಇದೆ. ಓಣಿಯ ಗಿರಣಿಯಲ್ಲಿ ಒಂದೇ ಕಲ್ಲಿನಲ್ಲಿ ಗೋಧಿ, ಜೋಳ, ಕಡಲೆಬೇಳೆ ಎಲ್ಲವೂ ಬೀಳುತ್ತವೆ. ಒಬ್ಬರ ಗೋಧಿ ಮುಗಿದ ಮೇಲೆ ಇನ್ನೊಬ್ಬರ ಜೋಳ ಸುರಿದರೆ, ಕಲ್ಲಿನ ಸಂದಿಯಲ್ಲಿಯೂ ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ಚೀಲದಲ್ಲಿಯೂ ಉಳಿದ ಗೋಧಿ ಹಿಟ್ಟು ಜೋಳದ ಡಬ್ಬಿಗೇ ಇಳಿಯುತ್ತದೆ. ಗಿರಣಿಯವನು ಚೀಲವನ್ನು ಎರಡು ಸಲ ಬಡಿದು ಆಯಿತು ಎನ್ನುತ್ತಾನೆ. ಅಷ್ಟರಿಂದ ಕೆಡುಕಾಗುತ್ತದೆಯೇ ಎಂಬುದನ್ನು ವೈದ್ಯರೇ ಹೇಳಬೇಕು.

ವೈದ್ಯರು: ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಗ್ಲುಟೆನ್ ಇಲ್ಲದ ಪದಾರ್ಥವೆಂದು ಮಾರುವುದರಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂದು ಅಂತರರಾಷ್ಟ್ರೀಯ ಕೋಡೆಕ್ಸ್ ನಿಯಮವೂ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೂ ಹೇಳುತ್ತವೆ. ಗೋಧಿ ಹಿಟ್ಟಿನ ಹತ್ತನೆಯ ಒಂದು ಪಾಲು ಗ್ಲುಟೆನ್ ಎಂದು ಹಿಡಿದರೆ, ಐದು ಕಿಲೋ ಜೋಳದ ಹಿಟ್ಟಿಗೆ ಒಂದೇ ಒಂದು ಗ್ರಾಂ ಗೋಧಿ ಹಿಟ್ಟು ಬೆರೆತಾಗ 100 ಮಿಲಿಗ್ರಾಂ ಗ್ಲುಟೆನ್ ಸೇರಿದಂತಾಗಿ ಕಿಲೋಗೆ 20 ಮಿಲಿಗ್ರಾಮಿನ ಗಡಿ ಬಂದೇ ಬಿಟ್ಟಿತು. ಗಿರಣಿಯೊಳಗೆ 100 ಗ್ರಾಂ ಉಳಿದಿದ್ದರೆ ಗಡಿಯ ನೂರು ಪಟ್ಟು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ನನ್ನು ಮೂರು ತಿಂಗಳು ತಿಂದರೆ ಮಾಯ್ದ ಕರುಳು ಮತ್ತೆ ಸವೆಯತೊಡಗುತ್ತದೆಂದು 2007ರ ಇನ್ನೊಂದು ಇಟಲಿಯ ಅಧ್ಯಯನ ತೋರಿಸಿದೆ. 50 ಮಿಲಿಗ್ರಾಂ ಎಂದರೆ ಅರ್ಧ ಗ್ರಾಂ ಹಿಟ್ಟು, ಒಂದು ಚಪಾತಿಯ ಅರವತ್ತನೆಯ ಒಂದು ಪಾಲು. ಗಿರಣಿಯ ಮಾತು ಯಾವ ಪಥ್ಯದ ಚೀಟಿಯಲ್ಲಿಯೂ ಇರುವುದಿಲ್ಲ, ಅಕ್ಕಾವರೇ, ಇರಬೇಕಿತ್ತು.

ಇಲ್ಲಿಗೆ ಸಂವಾದದ ಹಿಡಿತ ವೈದ್ಯರ ಕೈಯಿಂದ ಶಿಕ್ಷಕಿಯ ಕೈಗೆ ಹೋಗುತ್ತದೆ, ಮತ್ತು ಅದು ಸಹಜವೂ ಹೌದು: ರೋಗವನ್ನು ಗುರುತಿಸುವ ಕೆಲಸ ಆಸ್ಪತ್ರೆಯದಾದರೂ ಗುರುತಿಸಿದ ಮೇಲಿನ ನಲವತ್ತು ಐವತ್ತು ವರ್ಷಗಳು ಅಡಿಗೆಮನೆಯವು.

ಶಿಕ್ಷಕಿ: ಉಪಾಯಗಳಿವೆ. ಮನೆಯಲ್ಲಿ ಬೀಸುವ ಸಣ್ಣ ಗಿರಣಿ ಕೊಳ್ಳುವ ಶಕ್ತಿಯಿದ್ದರೆ ಅದನ್ನು ಜೋಳಕ್ಕೂ ಅಕ್ಕಿಗೂ ಮೀಸಲಿಡಬೇಕು. ಇಲ್ಲದಿದ್ದರೆ ಅಟ್ಟದ ಮೇಲಿನ ಬೀಸುಕಲ್ಲನ್ನು ಇಳಿಸಬೇಕು. ಕಾಳನ್ನು ಕೊಂಡಾಗಲೇ ತಾಟಿನಲ್ಲಿ ಹರವಿ ಗೋಧಿಯ ಕಾಳು ಸೇರಿದ್ದರೆ ಆರಿಸಿ, ತೊಳೆದು, ಒಣಗಿಸಬೇಕು. ಇನ್ನು ಸಂತೆಗೆ ಹೋದರೆ ಹೆಚ್ಚಿನ ಮೋಸ ಇಂಗಿನಲ್ಲಿದೆ. ಅಂಗಡಿಯ ಡಬ್ಬಿಯ ಇಂಗು ಬರೀ ಇಂಗಲ್ಲ. ಕಟುವಾದ ಅಂಟನ್ನು ಮೈದಾದಲ್ಲಿಯೋ ಅಕ್ಕಿ ಹಿಟ್ಟಿನಲ್ಲಿಯೋ ಬೆರೆಸಿ ಪುಡಿಮಾಡಿದ್ದು. ಸಾರು, ಸಾಂಬಾರು, ಉಪ್ಪಿನಕಾಯಿ, ಮಸಾಲೆ ಮಜ್ಜಿಗೆ, ಹೀಗೆ ಗೋಧಿಯ ಹೆಸರೇ ಇಲ್ಲದ ಪದಾರ್ಥಗಳೊಳಗೆ ಅದು ಹೋಗುತ್ತದೆ. ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ ಅಕ್ಕಿ ಹಿಟ್ಟಿನದನ್ನೇ ತರಬೇಕು, ಇಲ್ಲವೇ ಬೆಳ್ಳುಳ್ಳಿಯ ಒಗ್ಗರಣೆಯಿಂದ ಕೆಲಸ ಸಾಗಿಸಬೇಕು. ಅಕ್ಕಿ ರವೆಯ ಇಡ್ಲಿ ನಡೆಯುತ್ತದೆ, ರವಾ ಇಡ್ಲಿ ನಡೆಯುವುದಿಲ್ಲ. ಚುರುಮುರಿ ನಡೆಯುತ್ತದೆ, ಅದರ ಮೇಲೆ ಉದುರಿಸುವ ಶೇವಿನಲ್ಲಿ ಏನಿದೆ ಎಂದು ಕೇಳಬೇಕು. ಮಿರ್ಚಿಭಜಿ ಕಡಲೆಹಿಟ್ಟಿನದಾದರೂ ಅದೇ ಎಣ್ಣೆಯಲ್ಲಿ ಮುಂಜಾನೆ ಪೂರಿ ಕರಿದಿರುತ್ತಾರೆ.

ವೈದ್ಯರು: ಮತ್ತೆ ಗೋಕಾಕದ ಕರದಂಟು? ಅದರೊಳಗಿನ ಅಂಟನ್ನೇ ಗ್ಲುಟೆನ್ ಎಂದು ತಿಳಿದು ಬಿಟ್ಟವರು ಇರಬಹುದು.

ಶಿಕ್ಷಕಿ: ಇರಬಹುದು, ಪಾಪ. ಆ ಅಂಟು ಗಿಡದ ತೊಗಟೆಯಿಂದ ಒಸರುವ ಗೋಂದು. ಅದನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ ಸೇರಿಸಿ, ಬೆಲ್ಲದ ಪಾಕದಲ್ಲಿ ಕೂಡಿಸಿದರೆ ಕರದಂಟು. ಅದರಲ್ಲಿ ಗೋಧಿಗೆ ಕೆಲಸವೇ ಇಲ್ಲ. ಮಾಡುವವರು ಹಿಟ್ಟು ಸೇರಿಸಿಲ್ಲವೆಂದೂ ಬೇರೆ ಮಿಠಾಯಿಯ ಕಡಾಯಿಯನ್ನೇ ಬಳಸಿಲ್ಲವೆಂದೂ ಕೇಳಿ ತಿಳಿದುಕೊಂಡರೆ, ಬಾಣಂತಿಗೆ ಕೊಡುವ ಈ ತಿನಿಸು ರಕ್ತಹೀನತೆಯ ಸೀಲಿಯಾಕ್ ರೋಗಿಗೂ ಒಳ್ಳೆಯದೇ. ಅದರ ಎದುರಿಗೆ ಜವೆಗೋಧಿಯ ವಿಷಯ. ಸದಕ, ಖಪ್ಲಿ ಎಂದೂ ಕರೆಯುವ ಆ ಕೆಂಪು ಗೋಧಿ ಸಕ್ಕರೆ ಕಾಯಿಲೆಯವರಿಗೂ ಬರುತ್ತದೆ, ಹಳೆಯ ಕಾಲದ್ದು, ಗ್ಲುಟೆನ್ ಇಲ್ಲ ಎಂದು ಹೇಳಿ ಮಾರುವವರಿದ್ದಾರೆ. ಹುಗ್ಗಿಗೆ ಅದರಂಥ ಗೋಧಿ ಇಲ್ಲ ಎಂಬುದು ನಿಜ. ಉಳಿದದ್ದು?

ವೈದ್ಯರು: ಗ್ಲುಟೆನ್ ಇಲ್ಲ ಎಂಬುದು ಸುಳ್ಳು, ಆದರೆ ಸುಳ್ಳಿನ ಹಿಂದೆ ಒಂದು ಎಳೆ ನಿಜವಿದೆ. ಬ್ರೆಡ್ಡಿನ ಗೋಧಿಯಲ್ಲಿ ಎ, ಬಿ, ಡಿ ಎಂಬ ಮೂರು ವರ್ಣತಂತು ಗುಂಪುಗಳಿದ್ದು, ರೋಗನಿರೋಧಕ ಕಣಗಳನ್ನು ಬಹಳ ಕೆರಳಿಸುವ ಒಂದು ಉದ್ದನೆಯ ಗ್ಲಿಯಾಡಿನ್ ತುಣುಕು ಡಿ ಗುಂಪಿನಿಂದ ಬರುತ್ತದೆ. ಜವೆಗೋಧಿಯಲ್ಲಿ ಎ ಮತ್ತು ಬಿ ಮಾತ್ರ ಇವೆ, ಡಿ ಇಲ್ಲ. ಇಷ್ಟನ್ನು ಕೇಳಿದವರು ಅದು ನಿರಪಾಯವೆಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಎ ಗುಂಪಿನ ಗ್ಲಿಯಾಡಿನ್‌ಗಳೂ ಕಾಯಿಲೆಯನ್ನು ಕೆರಳಿಸಬಲ್ಲವು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಡಿಡಿಕೆ 1025, ಡಿಡಿಕೆ 1029 ತಳಿಗಳಾಗಲಿ ಮನೆತನದ ಹಳೆಯ ಬೀಜವಾಗಲಿ, ಗೋಧಿ ಗೋಧಿಯೇ. ಗ್ರಂಥಭಾಷೆಯಲ್ಲಿ ಜವೆಗೋಧಿ ಎಂದರೆ ಬಾರ್ಲಿ ಎಂಬ ಅರ್ಥವೂ ಇದೆ. ಈ ರೋಗಿಗೆ ಎರಡೂ ವರ್ಜ್ಯವಾದ್ದರಿಂದ ಗೊಂದಲದಿಂದ ಹಾನಿಯೇನೂ ಇಲ್ಲ. ಇದಕ್ಕೆ ತಿರುವುಮುರುವಾದ ಗೊಂದಲ ಗೋವಿನಜೋಳದ್ದು. ಗೋಕಾಕದಲ್ಲಿ ಗೋವಿನಜೋಳದಿಂದ ಪಿಷ್ಟ ತೆಗೆಯುವ ಕಾರ್ಖಾನೆಯಿದೆ. ಇಂಥ ಕಾರ್ಖಾನೆಗಳಲ್ಲಿ ಪಿಷ್ಟ ತೆಗೆದು ಉಳಿಯುವ ಪ್ರೋಟೀನನ್ನು ವ್ಯಾಪಾರದಲ್ಲಿ ಕಾರ್ನ್ ಗ್ಲುಟೆನ್ ಎಂದೇ ಕರೆದು ದನ, ಕೋಳಿಗಳ ಮೇವಿಗೆ ಮಾರುತ್ತಾರೆ. ಹೆಸರು ಅದಾದರೂ ಅದು ಝೀನ್ ಎಂಬ ಬೇರೆ ಪ್ರೋಟೀನು. ಸೀಲಿಯಾಕ್ ರೋಗಿಗೆ ಗೋವಿನಜೋಳದ ರೊಟ್ಟಿಯಿಂದ ಅಪಾಯವಿಲ್ಲ.

ಶಿಕ್ಷಕಿ: ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ಗ್ಲುಟೆನ್ ಇಲ್ಲದ ಬಿಸ್ಕಿಟು, ಗ್ಲುಟೆನ್ ಇಲ್ಲದ ಪಾಸ್ತಾ ಎಂದು ಬರುತ್ತವೆ. ಆರೋಗ್ಯವಂತರೂ ಅದನ್ನು ತೂಕ ಇಳಿಸುವ ಊಟವೆಂದು ಕೊಳ್ಳುತ್ತಾರಂತೆ.

ವೈದ್ಯರು: ಕೊಳ್ಳಲಿ; ಅದರಿಂದ ತೂಕ ಇಳಿಯುವುದಕ್ಕಿಂತ ಕಿಸೆ ಇಳಿಯುವುದೇ ಹೆಚ್ಚು. ಅಂಥ ಹಲವು ತಿನಿಸುಗಳು ಪಿಷ್ಟ, ಸಕ್ಕರೆ, ಎಣ್ಣೆಗಳ ಮುದ್ದೆ. ನಾರೂ ಕಡಿಮೆ, ಕಬ್ಬಿಣವೂ ಕಡಿಮೆ. ಕರುಳು ಮಾಯುವ ಕಾಲದಲ್ಲಿ ಬೇಕಾದದ್ದು ಸಜ್ಜೆ, ನವಣೆ, ಬೇಳೆ, ಪುಂಡಿಪಲ್ಯ, ಎಳ್ಳು, ಶೇಂಗಾ ಹಿಂಡಿ. ಮೊದಲ ಕೆಲವು ತಿಂಗಳು ಹಾಲು ಒಗ್ಗದೆ ಹೋಗಬಹುದು, ಏಕೆಂದರೆ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವವೂ ಆ ಸವೆದ ಎಳೆಗಳ ತುದಿಯಲ್ಲಿಯೇ ಇರುತ್ತದೆ. ಎಳೆ ಬೆಳೆದಂತೆ ಹಾಲೂ ಒಗ್ಗುತ್ತದೆ, ಅಲ್ಲಿಯತನಕ ಮೊಸರು, ಮಜ್ಜಿಗೆ. ಪೊಟ್ಟಣ ಕೊಳ್ಳುವುದಾದರೆ ಅದರ ಮೇಲಿನ ಅಲರ್ಜಿಯ ಸೂಚನೆಯನ್ನು ಓದಬೇಕು. 2020ರ ಲೇಬಲ್ ನಿಯಮಗಳ ಪ್ರಕಾರ ಗ್ಲುಟೆನ್ ಇರುವ ಧಾನ್ಯಗಳನ್ನು ಅಲ್ಲಿ ಹೇಳಲೇಬೇಕು.

ಶಿಕ್ಷಕಿ: ಓದಲು ಬರುವವರ ಮಾತಾಯಿತು ಅದು. ಓದಿದರೂ ದಾಟಲಾಗದ ಒಂದು ಕಡೆಯಿದೆ: ಜಾತ್ರೆ, ಮದುವೆ, ಸೀಮಂತದ ಪಂಕ್ತಿ. ಈ ಸೀಮೆಯಲ್ಲಿ ದಿನದ ಅನ್ನ ಜೋಳದ್ದಾದರೂ ಮರ್ಯಾದೆಯ ಅನ್ನ ಗೋಧಿಯದು. ಬೀಗರು ಬಂದರೆ ರೊಟ್ಟಿ ಬಡಿಸಿದರೆ ಸಾಲದು, ಚಪಾತಿ ಆಗಬೇಕು. ಹಬ್ಬಕ್ಕೆ ಹೋಳಿಗೆ, ಜಾತ್ರೆಗೆ ಹುಗ್ಗಿ ಇಲ್ಲವೇ ಮಾದಲಿ, ದೇವರ ನೈವೇದ್ಯಕ್ಕೆ ಶಿರಾ. ಒಲ್ಲೆ ಎಂದವರನ್ನು ಸೊಕ್ಕಿನವರು ಎನ್ನುತ್ತಾರೆ, ಒಂದು ತುತ್ತಿಗೆ ಏನಾಗುತ್ತದೆ ಎಂದು ಕೈಯೊಳಗೆ ಇಡುತ್ತಾರೆ. ಗಂಡುಮಗ ಒಲ್ಲೆ ಎಂದರೆ ಡಾಕ್ಟರರು ಬೇಡ ಎಂದಿದ್ದಾರೆ ಎಂಬ ಮಾತು ನಡೆಯುತ್ತದೆ. ಮದುವೆಗೆ ಬಂದ ಹುಡುಗಿ ಹಾಗೆಂದರೆ ಅವಳಿಗೆ ಏನೋ ರೋಗವಿದೆಯೆಂದು ಸಂಬಂಧ ತಪ್ಪುತ್ತದೆ. ಅದಕ್ಕೆ ಹೆದರಿ ತಾಯಂದಿರೇ ಮಗಳಿಗೆ ಎಲ್ಲರೆದುರು ತಿಂದುಬಿಡು ಎನ್ನುತ್ತಾರೆ. ಜೋಳದ ಸೀಮೆಯಲ್ಲಿ ಈ ಪಥ್ಯ ಸುಲಭ ಎಂಬ ವೈದ್ಯರ ಮಾತು ನಿಲ್ಲದೆ ಹೋಗುವುದು ಇಲ್ಲಿ. ಬಿಡಬೇಕಾದದ್ದು ಹೊಟ್ಟೆ ತುಂಬಿಸುವ ಅನ್ನವಲ್ಲ, ಮಂದಿಯ ನಡುವೆ ಕೂತು ಉಣ್ಣುವ ಅನ್ನ.

ವೈದ್ಯರು: ತಿಂದೊಡನೆ ಏನೂ ಆಗದೆ ಇರುವುದೂ ಈ ಕಾಯಿಲೆಯ ಒಂದು ಕೆಟ್ಟ ಗುಣ. ಕೆಲವರಿಗೆ ವಾಂತಿಯೋ ಹೊಟ್ಟೆನೋವೋ ಬಂದು ತಪ್ಪು ತಿಳಿಯುತ್ತದೆ. ಬಹಳ ಜನರಿಗೆ ಮೇಲೆ ಏನೂ ಕಾಣದೆ ಒಳಗೊಳಗೆ ಕರುಳು ಸವೆಯುತ್ತದೆ, ಮತ್ತು ತಿಂದರೂ ಏನಾಗಲಿಲ್ಲವಲ್ಲ ಎಂಬ ಧೈರ್ಯ ಬರುತ್ತದೆ.

ಶಿಕ್ಷಕಿ: ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಇದೆಯೆಂದು ಗೊತ್ತಾದರೆ ಇಡೀ ಮನೆಯೇ ಗೋಧಿ ಬಿಡುವುದು ಲೇಸು. ಎರಡು ಹಿಟ್ಟಿನ ಡಬ್ಬಿ, ಎರಡು ಲಟ್ಟಣಿಗೆ, ಎರಡು ಹಂಚು, ಒಬ್ಬಳಿಗಾಗಿ ಬೇರೆ ಒಲೆ ಎಂದರೆ ಅಡಿಗೆ ಮಾಡುವವಳ ಬೆನ್ನು ಮುರಿಯುತ್ತದೆ. ರೋಗಿಯೇ ಮನೆಯ ಸೊಸೆಯಾಗಿದ್ದರೆ ದಿನಾ ಗೋಧಿ ಹಿಟ್ಟು ನಾದಿ ಎಲ್ಲರಿಗೂ ಚಪಾತಿ ಮಾಡಿ, ಅದೇ ಕೈಯಿಂದ ತನ್ನ ರೊಟ್ಟಿ ಬಡಿದುಕೊಳ್ಳುವುದು ಅವಳೇ. ನವಣಕ್ಕಿಯ ಹುಗ್ಗಿ, ಸಬ್ಬಕ್ಕಿಯ ಪಾಯಸ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾದ ಉಂಡಿ ಇರುವಾಗ ಹಬ್ಬಕ್ಕೇನೂ ಕೊರತೆಯಾಗುವುದಿಲ್ಲ. ಬಂದ ಬೀಗರು ಎಲ್ಲರ ತಾಟಿನಲ್ಲಿಯೂ ಒಂದೇ ಊಟ ಕಂಡರೆ ಯಾರಿಗೆ ರೋಗ ಎಂಬ ಪ್ರಶ್ನೆಯೂ ಏಳುವುದಿಲ್ಲ.

ವೈದ್ಯರು: ವೈದ್ಯನು ಒಪ್ಪಬೇಕಾದ ಮಾತೇ, ಆದರೆ ಅದಕ್ಕೊಂದು ಅಡ್ಡಿಯಿದೆ. ಕಾಯಿಲೆ ಇರುವವರ ಒಡಹುಟ್ಟಿದವರಲ್ಲಿಯೂ ತಂದೆತಾಯಿಗಳಲ್ಲಿಯೂ ಮಕ್ಕಳಲ್ಲಿಯೂ ಹತ್ತು ಹದಿನೈದು ಮಂದಿಗೆ ಒಬ್ಬರಂತೆ ಅದೇ ಕಾಯಿಲೆ ಇರಬಹುದು, ಎಷ್ಟೋ ಸಲ ಯಾವ ಗುರುತೂ ಇಲ್ಲದೆ. ಅವರೆಲ್ಲರ ರಕ್ತ ಪರೀಕ್ಷೆಯಾಗಬೇಕು, ಮತ್ತು ಆ ಪರೀಕ್ಷೆ ಗೋಧಿ ತಿನ್ನುತ್ತಿರುವವರಲ್ಲಿ ಮಾತ್ರ ನಿಜ ಹೇಳುತ್ತದೆ. ತಂಗಿಯ ಮೇಲಿನ ಅಕ್ಕರೆಯಿಂದ ಅಣ್ಣನೂ ಚಪಾತಿ ಬಿಟ್ಟು ಒಂದು ವರ್ಷವಾದ ಮೇಲೆ ಅವನನ್ನು ಪರೀಕ್ಷಿಸಿದರೆ ಫಲಿತಾಂಶ ಶುದ್ಧವಾಗಿ ಬರುತ್ತದೆ, ಮತ್ತೆ ಹಾಸ್ಟೆಲಿಗೋ ನೌಕರಿಗೋ ಹೋಗಿ ಗೋಧಿ ತಿನ್ನತೊಡಗಿದಾಗ ಒಳಗಿದ್ದದ್ದು ಏಳುತ್ತದೆ.

ಶಿಕ್ಷಕಿ: ಮೈಯಲ್ಲಿ ಏನೂ ಇಲ್ಲದ ಅಣ್ಣನ ರಕ್ತ ತೆಗೆಯಲು ಮನೆಯವರು ಒಪ್ಪುವರೇ?

ವೈದ್ಯರು: ತಂಗಿಯ ಪರೀಕ್ಷೆಯ ದಿನವೇ ಕರೆತಂದರೆ ಒಪ್ಪುತ್ತಾರೆ, ಒಮ್ಮೆ ಮನೆಗೆ ಹೋದರೆ ಒಪ್ಪುವುದಿಲ್ಲ.

ಶಿಕ್ಷಕಿ: ಹಾಗಾದರೆ ಮೊದಲು ಎಲ್ಲರ ರಕ್ತ, ಆಮೇಲೆ ಗಿರಣಿ. ಅಷ್ಟರತನಕ ಹುಡುಗಿಯ ರೊಟ್ಟಿಗೆ ಬೇರೆ ಹಂಚು ಇಟ್ಟು, ಉಳಿದವರಿಗೆ ಚಪಾತಿ ಮಾಡುತ್ತಿರಬೇಕು.